ಕಾನ್ಫಿಗರ್ ‘ಇಲ್ಲ’ ಎಂದಾಗ

ನಮ್ಮ ಕಡೆ ಲಿನಕ್ಸ್ ಬಂದದ್ದು ಪತ್ರಿಕೆಯ ಜೊತೆ ಕೊಡುತ್ತಿದ್ದ ಸಿಡಿಯ ಮೂಲಕ. ತೊಂಬತ್ತರ ದಶಕದ ಕೊನೆಯ ವರ್ಷಗಳಲ್ಲಿ ಪಿಸಿ ಕ್ವೆಸ್ಟ್, 2003ರಿಂದ ಲಿನಕ್ಸ್ ಫಾರ್ ಯೂ. ಹುಬ್ಬಳ್ಳಿಯಲ್ಲಿ ಒಬ್ಬ ಹುಡುಗ ಸಂಚಿಕೆ ಕೊಂಡರೆ ಅದರ ಸಿಡಿ ನವಲಗುಂದ, ಕುಂದಗೋಳ, ಕಲಘಟಗಿಗಳ ಹುಡುಗರ ಕೈ ದಾಟಿ ತಿಂಗಳು ಕಳೆದು ಗೀರು ಬಿದ್ದು ವಾಪಸ್ಸಾಗುತ್ತಿತ್ತು. ನಾನು ಅಣ್ಣಿಗೇರಿಯವನು. ಹುಬ್ಬಳ್ಳಿಯ ಒಂದು ಇಂಜಿನಿಯರಿಂಗ್ ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ಇನ್‌ಸ್ಟ್ರಕ್ಟರ್ ಆಗಿ, ಗದಗ ಕಡೆಯಿಂದ ಬರುವ ಪ್ಯಾಸೆಂಜರ್ ಗಾಡಿಯಲ್ಲಿ ದಿನಾ ಹೋಗಿ ಬಂದು, ಆ ಹುಡುಗರ ಜೊತೆಗೇ ಈ ಕಸುಬು ಕಲಿತೆ. ಸೋರ್ಸ್ ಕೋಡಿನಿಂದ ತಂತ್ರಾಂಶವನ್ನು ನಮ್ಮ ಯಂತ್ರದ ಮೇಲೆಯೇ ಕಂಪೈಲ್ ಮಾಡಿಕೊಳ್ಳುವ ಕಸುಬು ಅದು. ಅದರ ಚರಿತ್ರೆಯನ್ನು ನಮ್ಮ ಭಾಗದ ಒಬ್ಬರಾದರೂ ಬರೆದಿಡಬೇಕು ಅನಿಸಿ ಬರೆಯುತ್ತಿದ್ದೇನೆ.

ವಿಂಡೋಸ್ ಇದ್ದವರಿಗೆ ಈ ಕೆಲಸವೇ ಇರಲಿಲ್ಲ. 1998ರಲ್ಲಿ ಬರಹ ಬಂತು, ಆಮೇಲೆ ನುಡಿ ಬಂತು. ಎರಡೂ ಸಿದ್ಧ ರೂಪದಲ್ಲಿ ಸಿಗುತ್ತಿದ್ದವು. ಲಿನಕ್ಸಿನಲ್ಲಿ ಕನ್ನಡದ ಕಥೆ ಬೇರೆ ಇತ್ತು. ಸಿಡಿಯಲ್ಲಿ ಬಂದ ಆವೃತ್ತಿ ಹಳೆಯದಾಗಿದ್ದರೆ ಒತ್ತಕ್ಷರ ಕೂಡುತ್ತಲೇ ಇರಲಿಲ್ಲ. ನಮ್ಮ ತಾಲ್ಲೂಕುಗಳ ಹೆಸರಿನಲ್ಲಿ ನವಲಗುಂದ, ಕುಂದಗೋಳ, ಕಲಘಟಗಿಗಳಿಗೆ ಒತ್ತಿಲ್ಲ, ಹೇಗೋ ಓದಲು ಬರುತ್ತಿತ್ತು. ಅಣ್ಣಿಗೇರಿಯ ‘ಣ್ಣಿ’ ಮಾತ್ರ ತುಂಡಾಗಿ ಪಕ್ಕಪಕ್ಕ ನಿಲ್ಲುತ್ತಿತ್ತು. ಆದಿಕವಿ ಪಂಪ ಹುಟ್ಟಿದ ಊರಿನ ಹೆಸರು ಪರದೆಯ ಮೇಲೆ ಸರಿಯಾಗಿ ಮೂಡದಿದ್ದರೆ ಆ ಊರಿನವನಿಗೆ ಸುಮ್ಮನಿರಲು ಆಗುವುದಿಲ್ಲ. ಅಕ್ಷರ ಜೋಡಿಸುವ ಪ್ಯಾಂಗೋ ಎಂಬ ಲೈಬ್ರರಿ 2002ರ ಜಿಟಿಕೆ 2 ಜೊತೆ ಬಳಕೆಗೆ ಬಂದಿತ್ತು. ಅದರ ಹೊಸ ಆವೃತ್ತಿ ಬೇಕೆಂದರೆ ನಾವೇ ಕಂಪೈಲ್ ಮಾಡಬೇಕು. ಸೈಬರ್ ಕೆಫೆಯಿಂದ ಸೋರ್ಸ್ ತಂದು ಬಿಚ್ಚಿ, ಮೂರು ಆಜ್ಞೆ ಕೊಡುವುದು: ಕಾನ್ಫಿಗರ್, ಮೇಕ್, ಮೇಕ್ ಇನ್‌ಸ್ಟಾಲ್. ಮೊದಲನೆಯದು ದಾಟಿದರೆ ಉಳಿದೆರಡು ಸಾಮಾನ್ಯವಾಗಿ ದಾಟುತ್ತವೆ. ಆದರೆ ಮೊದಲನೆಯದೇ ದಾಟುತ್ತಿರಲಿಲ್ಲ.

ಈ ಮೂರರಲ್ಲಿ ವಯಸ್ಸಿನಲ್ಲಿ ಹಿರಿಯದು ಮೇಕ್. 1976ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಸ್ಟುವರ್ಟ್ ಫೆಲ್ಡ್‌ಮನ್ ಅದನ್ನು ಬರೆದರು. ಅವರ ಸಹೋದ್ಯೋಗಿ ಸ್ಟೀವ್ ಜಾನ್ಸನ್ ಒಂದು ಬೆಳಗನ್ನೆಲ್ಲ ದೋಷ ಹುಡುಕುತ್ತ ಕಳೆದಿದ್ದರು. ಪ್ರೋಗ್ರಾಂ ಸರಿಯೇ ಇತ್ತು, ತಿದ್ದಿದ ಕಡತ ಮತ್ತೆ ಕಂಪೈಲ್ ಆಗಿರಲಿಲ್ಲ ಅಷ್ಟೆ. ಇದನ್ನು ಕೇಳಿದ ಫೆಲ್ಡ್‌ಮನ್ ಕಡತಗಳ ಸಮಯ ನೋಡಿ, ಯಾವುದು ಹಳತಾಗಿದೆಯೋ ಅದನ್ನಷ್ಟೇ ಮತ್ತೆ ಕಂಪೈಲ್ ಮಾಡಿಸುವ ಸಾಧನ ಮಾಡಿದರು. ಈ ಕೆಲಸಕ್ಕೆ 2003ರಲ್ಲಿ ಎಸಿಎಂ ಸಂಸ್ಥೆಯ ಪ್ರಶಸ್ತಿಯೂ ಅವರಿಗೆ ಬಂತು. ಮೇಕ್ ನಂಬುವುದು ಗಡಿಯಾರವನ್ನು. ಈ ಮಾತು ನೆನಪಿನಲ್ಲಿರಲಿ, ನಮ್ಮ ಹಳ್ಳಿಯ ಯಂತ್ರಗಳಲ್ಲಿ ಅದಕ್ಕೆ ಬಂದ ತೊಂದರೆಯನ್ನು ಮುಂದೆ ಹೇಳುತ್ತೇನೆ.

ಎಂಬತ್ತರ ದಶಕದಲ್ಲಿ, ಲಿನಕ್ಸಿಗೆ ಮಾದರಿಯಾದ ಯೂನಿಕ್ಸ್ ಹಲವು ಕವಲಾಯಿತು. ಬರ್ಕ್ಲಿಯದು ಒಂದು, ಎಟಿ ಅಂಡ್ ಟಿಯ ಸಿಸ್ಟಂ ಫೈವ್ ಇನ್ನೊಂದು. ಸನ್, ಎಚ್‌ಪಿ, ಐಬಿಎಂ, ಡೆಕ್ ಕಂಪನಿಗಳವು ಮತ್ತಷ್ಟು. ಒಂದರಲ್ಲಿ ಇದ್ದ ಫಂಕ್ಷನ್ ಇನ್ನೊಂದರಲ್ಲಿ ಇಲ್ಲ. ಇದ್ದರೂ ಬೇರೆ ಹೆಡರ್ ಕಡತದಲ್ಲಿ. ಪ್ರೋಗ್ರಾಂ ಬರೆದವರು ‘ನಿನ್ನದು ಯಾವ ಯಂತ್ರವೋ ಆ ಸಾಲನ್ನು ಮೇಕ್‌ಫೈಲಿನಲ್ಲಿ ಆರಿಸಿಕೋ’ ಎಂದು ಬಳಕೆದಾರನಿಗೇ ಬಿಡುತ್ತಿದ್ದರು. 1984ರ ಸುಮಾರಿಗೆ ಲ್ಯಾರಿ ವಾಲ್ ತಮ್ಮ ಸುದ್ದಿ ಓದುವ ಆರ್‌ಎನ್ ಪ್ರೋಗ್ರಾಮಿನ ಜೊತೆ, ಯಂತ್ರವನ್ನು ತಾನೇ ಪರೀಕ್ಷಿಸಿ, ತಿಳಿಯದ್ದನ್ನು ಬಳಕೆದಾರನಿಗೆ ಕೇಳುವ ಸ್ಕ್ರಿಪ್ಟ್ ಕೊಟ್ಟರು. 1991ರ ಜೂನ್‌ನಲ್ಲಿ ಡೇವಿಡ್ ಮೆಕೆಂಜಿ ಎಂಬವರು ಫ್ರೀ ಸಾಫ್ಟ್‌ವೇರ್ ಫೌಂಡೇಶನ್ನಿಗಾಗಿ ಗ್ನೂ ಉಪಕರಣಗಳನ್ನು ನೋಡಿಕೊಳ್ಳುತ್ತಿದ್ದರು. ಮೇಕ್‌ಫೈಲಿನಲ್ಲಿ ಆರಿಸಬೇಕಾದ ಆಯ್ಕೆಗಳು ಇಪ್ಪತ್ತರ ಆಸುಪಾಸು ಆಗಿ, ಹೊಸ ಆವೃತ್ತಿ ಬಂದಾಗಲೆಲ್ಲ ಹತ್ತಾರು ಯಂತ್ರಗಳ ಮೇಲೆ ಪರೀಕ್ಷಿಸುವುದು ಅವರಿಗೇ ಭಾರವಾಯಿತು. ಸರಿಯಾದ ಆಯ್ಕೆಗಳನ್ನು ಊಹಿಸುವ ಸಣ್ಣ ಸ್ಕ್ರಿಪ್ಟ್ ಬರೆದು ಫೈಲ್‌ಯುಟಿಲ್ಸ್ ಕಟ್ಟಿನ ಜೊತೆ ಬಿಟ್ಟರು. ಅದೇ ಬೆಳೆದು, ಕಾನ್ಫಿಗರ್ ಸ್ಕ್ರಿಪ್ಟನ್ನು ಹುಟ್ಟಿಸಿಕೊಡುವ ಆಟೋಕಾನ್ಫ್ ಆಯಿತು. 1994ರಲ್ಲಿ ಆಟೋಮೇಕ್ ಶುರುವಾಯಿತು, ಅದನ್ನು ಟಾಮ್ ಟ್ರೋಮಿ ಪರ್ಲ್ ಭಾಷೆಯಲ್ಲಿ ಹೊಸದಾಗಿ ಬರೆದರು. 1996ರಲ್ಲಿ ಗಾರ್ಡನ್ ಮ್ಯಾಟ್ಜಿಗ್‌ಕೀಟ್ ಲಿಬ್‌ಟೂಲ್ ಬರೆದರು. ಈ ಮೂರನ್ನೂ ಸೇರಿಸಿ ಆಟೋಟೂಲ್ಸ್ ಎನ್ನುತ್ತಾರೆ.

ಆಟೋಕಾನ್ಫ್ ತಂದ ದೊಡ್ಡ ಬದಲಾವಣೆ ಅದು ಕೇಳುವ ಪ್ರಶ್ನೆಯಲ್ಲಿದೆ. ‘ನೀನು ಯಾವ ಕಂಪನಿಯ ಯಂತ್ರ’ ಎಂದು ಕೇಳಿ ಸುಮ್ಮನಾಗುವ ಬದಲು ‘ನಿನಗೆ ಈ ಕೆಲಸ ಬರುತ್ತದೆಯೇ’ ಎಂದು ಅದು ಕೇಳಿತು. ಕೇಳುವ ವಿಧಾನವೂ ನೇರ. ಕೆಲವೇ ಸಾಲಿನ ಸಿ ಪ್ರೋಗ್ರಾಂ ಬರೆದು ಕಂಪೈಲರಿಗೆ ಕೊಡುತ್ತದೆ. ಕಂಪೈಲ್ ಆದರೆ ಪರದೆಯ ಮೇಲೆ ‘ಯೆಸ್’, ಆಗದಿದ್ದರೆ ‘ನೋ’. ಹೀಗೆ ನೂರಾರು ಪ್ರಶ್ನೆ. ಬೇಕೇ ಬೇಕಾದದ್ದಕ್ಕೆ ‘ನೋ’ ಬಂದರೆ ನಿಂತುಬಿಡುತ್ತದೆ; ಇದ್ದರೆ ಒಳ್ಳೆಯದು ಎನ್ನುವಂಥದ್ದಕ್ಕೆ ‘ನೋ’ ಬಂದರೆ ಮುಂದೆ ಹೋಗುತ್ತದೆ. ನಾನು ಈ ಕಸುಬಿನಲ್ಲಿ ಕಲಿತದ್ದರ ಸಾರವೆಲ್ಲ ಈ ‘ನೋ’ದಲ್ಲೇ ಇದೆ. ಕಾನ್ಫಿಗರ್ ‘ಇಲ್ಲ’ ಎಂದಾಗ ಅದು ಹೇಳುತ್ತಿರುವುದು ತನ್ನ ಸಣ್ಣ ಪ್ರೋಗ್ರಾಂ ಕಂಪೈಲ್ ಆಗಲಿಲ್ಲ ಎಂದಷ್ಟೆ. ಯಾಕೆ ಆಗಲಿಲ್ಲ ಎಂಬುದನ್ನು ನಾವು ಹೋಗಿ ನೋಡಬೇಕು.

ನವಲಗುಂದ ತಾಲ್ಲೂಕಿನ ಒಂದು ಹೈಸ್ಕೂಲಿಗೆ ನಮ್ಮ ಕಾಲೇಜಿನ ಹಳೆಯ ಯಂತ್ರಗಳನ್ನು ಕೊಟ್ಟಿದ್ದೆವು. ಅಲ್ಲಿ ಲಿನಕ್ಸ್ ಹಾಕಿ ಕನ್ನಡ ಮೂಡಿಸಲು ಹೋದ ನಮ್ಮ ವಿದ್ಯಾರ್ಥಿ ಮರುದಿನ ಬಂದು ಹೇಳಿದ: “ಸರ, ಈಗ ಮಾಡಿದ ಫೈಲ್ ಹಳೇದು ಅಂತೈತ್ರಿ. ಹೆಂಗ ಅಕ್ಕೈತ್ರಿ ಅದು?” ಹೊಸದಾಗಿ ಸೃಷ್ಟಿಸಿದ ಕಡತ ಸೋರ್ಸಿನ ಕಡತಗಳಿಗಿಂತ ಹಳೆಯದಾಗಿದೆ, ಗಡಿಯಾರ ನೋಡಿ ಎಂದು ಕಾನ್ಫಿಗರ್ ನಿಂತಿತ್ತು. ಅದು ಮೊದಮೊದಲು ಮಾಡುವ ಪರೀಕ್ಷೆಗಳಲ್ಲಿ ಇದೂ ಒಂದು: ಒಂದು ಖಾಲಿ ಕಡತ ಸೃಷ್ಟಿಸಿ, ತನ್ನದೇ ಸಮಯದ ಜೊತೆ ಹೋಲಿಸಿ ನೋಡುತ್ತದೆ. “ತಾರೀಖು ನೋಡಪಾ ಮೊದಲ” ಎಂದೆ. ಮದರ್‌ಬೋರ್ಡಿನ ನಾಣ್ಯದಂಥ ಬ್ಯಾಟರಿ ಸತ್ತುಹೋಗಿತ್ತು. ದಿನಕ್ಕೆ ಎಷ್ಟೋ ಸಲ ಕರೆಂಟ್ ಹೋಗುವ ಊರಿನಲ್ಲಿ, ಪ್ರತಿ ಸಲ ಕರೆಂಟ್ ಬಂದಾಗ ಯಂತ್ರದ ತಾರೀಖು ತಯಾರಿಕೆಯ ಕಾಲದ ವರ್ಷಕ್ಕೆ ಹಿಂದೆ ಜಿಗಿಯುತ್ತಿತ್ತು. ಕಾನ್ಫಿಗರ್ ಅಲ್ಲಿ ನಿಲ್ಲಿಸಿದ್ದೇ ಉಪಕಾರ. ಬಿಟ್ಟಿದ್ದರೆ ಮೇಕ್ ಹಳತು ಹೊಸತು ತಿಳಿಯದೆ ಅರ್ಧಂಬರ್ಧ ಕಂಪೈಲ್ ಮಾಡುತ್ತಿತ್ತು. ಬ್ಯಾಟರಿ ಬದಲಿಸಿ, ತಾರೀಖು ತಿದ್ದಿ, ಸೋರ್ಸನ್ನು ಹೊಸದಾಗಿ ಬಿಚ್ಚಿದ ಮೇಲೆ ಕೆಲಸ ಮುಂದುವರಿಯಿತು.

ಪೆನ್ ಡ್ರೈವ್ ಬಂದ ಮೇಲೆ ಇನ್ನೊಂದು ಬಗೆಯ ತೊಂದರೆ ಶುರುವಾಯಿತು. ಕೆಫೆಯ ವಿಂಡೋಸ್ ಯಂತ್ರದಲ್ಲೇ ಸೋರ್ಸ್ ಬಿಚ್ಚಿ, ಫೋಲ್ಡರನ್ನು ಪೆನ್ ಡ್ರೈವಿಗೆ ಹಾಕಿಕೊಂಡು ಹುಡುಗರು ಬರುತ್ತಿದ್ದರು. ಪೆನ್ ಡ್ರೈವುಗಳ ಫ್ಯಾಟ್ ವ್ಯವಸ್ಥೆಯಲ್ಲಿ ‘ಈ ಕಡತವನ್ನು ಓಡಿಸಬಹುದು’ ಎಂಬ ಗುರುತಿಗೆ ಜಾಗವಿಲ್ಲ. ಹಾಗಾಗಿ ಕಾನ್ಫಿಗರ್ ಓಡಿಸಲು ಹೋದರೆ ಅನುಮತಿ ಇಲ್ಲ ಎನ್ನುತ್ತಿತ್ತು. ಕಡತವನ್ನು ವಿಂಡೋಸಿನ ಎಡಿಟರಿನಲ್ಲಿ ತೆರೆದು ಉಳಿಸಿದ್ದರೆ ಪ್ರತಿ ಸಾಲಿನ ಕೊನೆಗೆ ಕಾಣದ ಒಂದು ಅಕ್ಷರ ಸೇರಿ, ಸ್ಕ್ರಿಪ್ಟ್ ಓಡಿಸುವ ಶೆಲ್ ಮೊದಲ ಸಾಲಿನಲ್ಲೇ ಎಡವುತ್ತಿತ್ತು. ಮೂರನೆಯ ತೊಂದರೆ ಎಲ್ಲಕ್ಕಿಂತ ಗೊಂದಲದ್ದು: ಕಾನ್ಫಿಗರ್ ಸರಾಗ ಮುಗಿದು, ಮೇಕ್ ಮಾಡಿದರೆ ‘ಅಕ್ಲೋಕಲ್ ನಿಮ್ಮಲ್ಲಿ ಇಲ್ಲ, ಆಟೋಮೇಕ್ ಹಾಕಿಕೊಳ್ಳಿ’ ಎಂಬ ದೂರು. ನೋಡಿದರೆ ಆ ಸೋರ್ಸಿಗೆ ಆಟೋಮೇಕ್ ಬೇಕಾಗಿಯೇ ಇಲ್ಲ. ಅದು ತಂತ್ರಾಂಶ ಬರೆದವರಿಗೆ ಬೇಕಾದ ಸಾಧನ. ನಕಲು ಮಾಡುವಾಗ ಕಡತಗಳ ಸಮಯ ಅದಲುಬದಲಾಗಿ, ಮೂಲ ಕಡತ ಅದರಿಂದ ಹುಟ್ಟಿದ ಕಡತಕ್ಕಿಂತ ಹೊಸದಾಗಿ ಕಂಡಿದೆ. ಫೆಲ್ಡ್‌ಮನ್ ಹೇಳಿಕೊಟ್ಟ ನಿಯಮದಂತೆ ಮೇಕ್ ಅದನ್ನು ಮತ್ತೆ ಹುಟ್ಟಿಸಲು ಹೊರಟಿದೆ. ದೂರಿನ ಮಾತು ನಂಬಿ ಆಟೋಮೇಕ್ ಹುಡುಕುತ್ತ ವಾರ ಕಳೆದ ಹುಡುಗರಿದ್ದರು. ಆಮೇಲೆ ನಮ್ಮ ಲ್ಯಾಬಿನಲ್ಲಿ ಒಂದು ಮಾತು ನಿಂತಿತು: “ಗಂಟು ಬಿಚ್ಚಬ್ಯಾಡ್ರಿ, ಹಂಗ ತರ್ರಿ. ಇಲ್ಲೇ ಬಿಚ್ಚೋಣು.” ಟಾರ್ ಕಡತವನ್ನು ಹಾಗೆಯೇ ತಂದು ಲಿನಕ್ಸಿನಲ್ಲೇ ಬಿಚ್ಚಿದರೆ ಅನುಮತಿ, ಸಾಲಿನ ಕೊನೆ, ಸಮಯ ಮೂರೂ ಮೂಲದಲ್ಲಿದ್ದಂತೆಯೇ ಉಳಿಯುತ್ತವೆ.

ಇಷ್ಟೆಲ್ಲ ಕಲಿಸಿದ್ದು ಕಾನ್ಫಿಗ್ ಡಾಟ್ ಲಾಗ್ ಎಂಬ ಕಡತ. ಪರದೆಯ ಮೇಲೆ ಬರುವುದು ತೀರ್ಪು ಮಾತ್ರ, ವಿಚಾರಣೆಯ ದಾಖಲೆ ಇರುವುದು ಈ ಲಾಗಿನಲ್ಲಿ. ಯಾವ ಪ್ರಶ್ನೆ ಕೇಳಿತು, ಕಂಪೈಲರಿಗೆ ಯಾವ ಆಜ್ಞೆ ಕೊಟ್ಟಿತು, ಕಂಪೈಲರ್ ಏನೆಂದಿತು, ಸೋತ ಪ್ರೋಗ್ರಾಂ ಯಾವುದು, ಎಲ್ಲ ಅಲ್ಲಿ ಬರೆದಿರುತ್ತದೆ. ಹೊಸಬರು ಅದರ ಕೊನೆಯ ಸಾಲಿಗೆ ಹೋಗುತ್ತಾರೆ. ಕೊನೆಯಲ್ಲಿ ಇರುವುದು ಕಾನ್ಫಿಗರ್ ನಿಂತಾಗ ಬರೆದಿಟ್ಟ ಅಸ್ಥಿರಗಳ ಉದ್ದ ಪಟ್ಟಿ. ಕಾರಣ ಅದಕ್ಕಿಂತ ಮೇಲೆ, ನಡುವೆ ಎಲ್ಲೋ ಇರುತ್ತದೆ. ‘ಸಿ ಕಂಪೈಲರ್ ಎಕ್ಸಿಕ್ಯೂಟಬಲ್ ಸೃಷ್ಟಿಸಲಾರದು’ ಎಂಬ ಒಂದೇ ದೂರಿಗೆ ನಾನು ಲಾಗಿನಲ್ಲಿ ಬೇರೆ ಬೇರೆ ಕಾರಣ ಕಂಡಿದ್ದೇನೆ: ಕಂಪೈಲ್ ಮಾಡಲು ಬೇಕಾದ ಸಿ ಲೈಬ್ರರಿಯ ಡೆವ್ ಪ್ಯಾಕೇಜೇ ಇಲ್ಲದಿರುವುದು, ಡಿಸ್ಕ್ ತುಂಬಿರುವುದು, ಯಾರೋ ಕಂಪೈಲರಿಗೆ ಕೊಟ್ಟ ಆಯ್ಕೆಯಲ್ಲಿನ ಅಕ್ಷರದೋಷ. ಪರದೆಯ ಮಾತು ಮೂರಕ್ಕೂ ಒಂದೇ, ಮದ್ದು ಮಾತ್ರ ಮೂರು ಬಗೆ.

ಆಟೋಕಾನ್ಫ್ ಬಳಸುವ ಕಡೆ ಕಾನ್ಫಿಗರ್ ಸ್ಕ್ರಿಪ್ಟನ್ನು ಯಾರೂ ಕೈಯಿಂದ ಬರೆಯುವುದಿಲ್ಲ. ಬರೆಯುವುದು ಕಾನ್ಫಿಗರ್ ಡಾಟ್ ಎಸಿ ಎಂಬ ಚಿಕ್ಕ ಕಡತವನ್ನು. ಅದರಲ್ಲಿನ ಮ್ಯಾಕ್ರೋಗಳನ್ನು ಎಂ4 ಎಂಬ ಸಾಧನ ಸಾವಿರಾರು ಸಾಲಿನ ಶೆಲ್ ಸ್ಕ್ರಿಪ್ಟಾಗಿ ಹಿಗ್ಗಿಸುತ್ತದೆ. ಎಂ4 ಬರೆದವರು ಬ್ರಯನ್ ಕರ್ನಿಹ್ಯಾನ್ ಮತ್ತು ಡೆನಿಸ್ ರಿಚಿ, 1977ರಲ್ಲಿ. ತನಗೆ ಗೊತ್ತಿಲ್ಲದ ಮ್ಯಾಕ್ರೋ ಬಂದರೆ ಎಂ4 ದೂರುವುದಿಲ್ಲ, ಅದನ್ನು ಇದ್ದ ಹಾಗೇ ಮುಂದಕ್ಕೆ ಬಿಡುತ್ತದೆ. ಲೈಬ್ರರಿಗಳನ್ನು ಹುಡುಕಲು 2000ದ ಸುಮಾರಿಗೆ ಪಿಕೆಜಿ-ಕಾನ್ಫಿಗ್ ಎಂಬ ಸಾಧನ ಬಂತು, ಅದರ ಮ್ಯಾಕ್ರೋಗಳು ಬೇರೆ ಕಡತದಲ್ಲಿರುತ್ತವೆ. ಆ ಕಡತ ಇಲ್ಲದ ಯಂತ್ರದಲ್ಲಿ ಸ್ಕ್ರಿಪ್ಟ್ ಹುಟ್ಟಿಸಿದರೆ ಹಿಗ್ಗದ ಮ್ಯಾಕ್ರೋ ಶೆಲ್ಲಿನ ಕೈಗೆ ಸಿಕ್ಕು ‘ಸಿಂಟ್ಯಾಕ್ಸ್ ಎರರ್’ ಬರುತ್ತದೆ. ಹುಡುಗರು ಆ ಸಾಲಿನ ಶೆಲ್ ವ್ಯಾಕರಣ ತಿದ್ದಲು ಕೂಡುತ್ತಿದ್ದರು. ತಿದ್ದಬೇಕಾದದ್ದು ಅಲ್ಲಿ ಇರಲೇ ಇಲ್ಲ. ಪಿಕೆಜಿ-ಕಾನ್ಫಿಗ್ ಹಾಕಿಕೊಂಡು ಸ್ಕ್ರಿಪ್ಟನ್ನು ಹೊಸದಾಗಿ ಹುಟ್ಟಿಸಿದರೆ ಮುಗಿಯಿತು. ದೋಷ ಹುಟ್ಟಿದ ಜಾಗ ಒಂದು, ಕಾಣಿಸಿಕೊಂಡ ಜಾಗ ಇನ್ನೊಂದು. ಈ ಅಂತರವನ್ನು ಹಿಂದಕ್ಕೆ ನಡೆದು ದಾಟುವುದೇ ಈ ಕಸುಬು.

ಕಾಲ ಕೂಡ ತನ್ನ ದೋಷಗಳನ್ನು ತಂದಿತು. ಆಟೋಕಾನ್ಫಿನ 2.13 ಆವೃತ್ತಿ 1999ರಲ್ಲಿ ಬಂದು, 2001ರಲ್ಲಿ 2.50 ಬಂದಾಗ ಹಳೆಯ ಎಷ್ಟೋ ಕಡತಗಳು ಹೊಸದರಲ್ಲಿ ಓಡಲಿಲ್ಲ. ಮೊಜಿಲ್ಲಾದಂಥ ದೊಡ್ಡ ಯೋಜನೆ ವರ್ಷಾನುಗಟ್ಟಲೆ 2.13ಕ್ಕೇ ಅಂಟಿಕೊಂಡಿತ್ತು. 2006ರ ಅಕ್ಟೋಬರಿನಲ್ಲಿ ಉಬುಂಟು ಲಿನಕ್ಸಿನ 6.10 ಆವೃತ್ತಿ ಸ್ಕ್ರಿಪ್ಟುಗಳನ್ನು ಓಡಿಸುವ ಶೆಲ್ಲನ್ನು ಬ್ಯಾಶ್‌ನಿಂದ ಡ್ಯಾಶ್‌ಗೆ ಬದಲಿಸಿತು. ಬ್ಯಾಶ್ ಮಾತ್ರ ಸಹಿಸುತ್ತಿದ್ದ ಎರಡು ಸಮಚಿಹ್ನೆಗಳ ಬರವಣಿಗೆ ಡ್ಯಾಶ್‌ನಲ್ಲಿ ತಪ್ಪಾಯಿತು. ನಿನ್ನೆ ದಾಟಿದ ಪರೀಕ್ಷೆ ಇವತ್ತು ‘ನೋ’. ಯಂತ್ರದಲ್ಲಿ ಕೊರತೆ ಏನೂ ಇರಲಿಲ್ಲ, ಕೇಳಿದ ಪ್ರಶ್ನೆಯ ಭಾಷೆ ಅದಕ್ಕೆ ತಿಳಿಯಲಿಲ್ಲ.

ಈ ಎಲ್ಲ ಪಾಠಗಳೂ ಒಟ್ಟಿಗೆ ಬೇಕಾದದ್ದು ಟೆಸೆರಾಕ್ಟ್ ಕಂಪೈಲ್ ಮಾಡುವಾಗ. ಮುದ್ರಿತ ಪುಟದ ಚಿತ್ರದಿಂದ ಅಕ್ಷರ ಗುರುತಿಸುವ ತಂತ್ರಾಂಶ ಅದು. ಎಚ್‌ಪಿ ಕಂಪನಿ 1985ರಿಂದ 1994ರವರೆಗೆ ಬೆಳೆಸಿ, 2005ರಲ್ಲಿ ಸೋರ್ಸ್ ಬಿಟ್ಟುಕೊಟ್ಟಿತು. ಆಮೇಲೆ ಗೂಗಲ್ ಅದರ ಕೈಹಿಡಿಯಿತು. 2018ರ ಅಕ್ಟೋಬರಿನಲ್ಲಿ ಬಂದ 4.0 ಆವೃತ್ತಿ ನರಜಾಲದ ವಿಧಾನದಿಂದ ಓದುತ್ತದೆ, ಕನ್ನಡದ ತರಬೇತಿ ಕಡತವೂ ಅದಕ್ಕಿದೆ. ಅಣ್ಣಿಗೇರಿಯ ಹಿರಿಯರ ಮನೆಗಳಲ್ಲಿ ಉಳಿದಿದ್ದ ಸ್ಮರಣ ಸಂಚಿಕೆಗಳನ್ನು, ನಾಟಕದ ಕರಪತ್ರಗಳನ್ನು ಓದಿಸಿ ಹುಡುಕಲು ಬರುವಂತೆ ಮಾಡಬೇಕು ಎಂದು ನಾನೂ ನಾಲ್ವರು ವಿದ್ಯಾರ್ಥಿಗಳೂ ಕೂತೆವು. ಲ್ಯಾಬಿನಲ್ಲಿದ್ದದ್ದು ಉಬುಂಟು 16.04. ಕಾನ್ಫಿಗರ್ ಹೇಳಿತು: ಲೆಪ್ಟೋನಿಕಾ 1.74 ಅಥವಾ ಮೇಲಿನದು ಬೇಕು, ಅದರ ಡೆವ್ ಪ್ಯಾಕೇಜ್ ಹಾಕಿ ನೋಡಿ. ಲೆಪ್ಟೋನಿಕಾ ಚಿತ್ರಗಳನ್ನು ಓದುವ ಲೈಬ್ರರಿ. ಪ್ಯಾಕೇಜ್ ಹಾಕಿದರೂ ದೂರು ಅದೇ, ಏಕೆಂದರೆ 16.04ರಲ್ಲಿ ಸಿಗುತ್ತಿದ್ದದ್ದು 1.73. ಸಲಹೆ ಕೊಟ್ಟ ಸಾಲಿಗೆ ನಮ್ಮ ಯಂತ್ರದ ವಯಸ್ಸು ತಿಳಿದಿರಲಿಲ್ಲ.

ಲೆಪ್ಟೋನಿಕಾವನ್ನೂ ಸೋರ್ಸಿನಿಂದಲೇ ಕಂಪೈಲ್ ಮಾಡಿದೆವು. ವಿದ್ಯಾರ್ಥಿಗಳಿಗೆ ರೂಟ್ ಅಧಿಕಾರ ಇಲ್ಲವಾದ್ದರಿಂದ ಹೋಮ್ ಫೋಲ್ಡರಿನೊಳಗೇ ಸ್ಥಾಪಿಸಿ, ಪಿಕೆಜಿ-ಕಾನ್ಫಿಗ್‌ಗೆ ಆ ದಾರಿ ತೋರಿಸಿದ ಮೇಲೆ ಟೆಸೆರಾಕ್ಟ್ ಕಂಪೈಲ್ ಆಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಮೊದಲ ಪುಟ ಕೊಟ್ಟರೆ ‘ಪಿಎನ್‌ಜಿ ಓದುವ ಫಂಕ್ಷನ್ ಇಲ್ಲ’ ಎಂದಿತು. ಲೆಪ್ಟೋನಿಕಾದ ಲಾಗ್ ತೆಗೆದು ನೋಡಿದೆವು. ಪಿಎನ್‌ಜಿ ಲೈಬ್ರರಿಯ ಪ್ರಶ್ನೆಗೆ ‘ನೋ’ ಬಂದಿತ್ತು. ಲೈಬ್ರರಿ ಯಂತ್ರದಲ್ಲಿ ಇತ್ತು, ಕಂಪೈಲ್ ಮಾಡಲು ಬೇಕಾದ ಹೆಡರುಗಳಿರುವ ಡೆವ್ ಪ್ಯಾಕೇಜ್ ಇರಲಿಲ್ಲ. ಪಿಎನ್‌ಜಿ ಇದ್ದರೆ ಒಳ್ಳೆಯದು ಎನ್ನುವ ಪಟ್ಟಿಯಲ್ಲಿದ್ದುದರಿಂದ ಕಾನ್ಫಿಗರ್ ನಿಲ್ಲದೆ ಮುಂದೆ ಹೋಗಿತ್ತು. ನೂರಾರು ಸಾಲಿನ ನಡುವೆ ಒಂದು ‘ನೋ’ ಪರದೆಯ ಮೇಲೆ ಹಾದುಹೋಗಿತ್ತು. ನಿಲ್ಲಿಸುವ ‘ನೋ’ಗಿಂತ ಹಾದುಹೋಗುವ ‘ನೋ’ ಹೆಚ್ಚು ಕಷ್ಟದ್ದು ಎಂಬುದನ್ನು ನಾನು ಅಂದಿನಿಂದ ಪ್ರತಿ ತಂಡಕ್ಕೂ ಹೇಳುತ್ತೇನೆ. ಡೆವ್ ಪ್ಯಾಕೇಜ್ ಹಾಕಿ, ಹಳೆಯ ಬಿಲ್ಡ್ ಫೋಲ್ಡರನ್ನು ಪೂರ್ತಿ ಅಳಿಸಿ, ಹೊಸದಾಗಿ ಶುರುಮಾಡಿದೆವು. ಆ ಸಂಜೆ ಪರದೆಯ ಮೇಲೆ ಹಳೆಯ ಸಂಚಿಕೆಯ ಮೊದಲ ಪುಟದ ಸಾಲುಗಳು ಮೂಡಿದವು, ಅಲ್ಲಲ್ಲಿ ತಪ್ಪಿದ್ದರೂ ಒತ್ತಕ್ಷರಗಳ ಸಮೇತ.

ಹಳೆಯ ಫೋಲ್ಡರ್ ಅಳಿಸುವುದಕ್ಕೂ ಚರಿತ್ರೆ ಇದೆ. ಒಮ್ಮೆ ಬಂದ ಉತ್ತರಗಳನ್ನು ಕಡತದಲ್ಲಿ ಉಳಿಸಿಟ್ಟು ಮತ್ತೆ ಬಳಸುವುದು ಆಟೋಕಾನ್ಫಿನ ಹಳೆಯ ರೂಢಿ. ಹಳಸಿದ ಉತ್ತರಗಳಿಂದ ತೊಂದರೆಯಾಗಿ 2.50ರಿಂದ ಅದನ್ನು ಕೇಳಿದರೆ ಮಾತ್ರ ಮಾಡುವಂತೆ ಬದಲಿಸಿದರು. 2000ದಲ್ಲಿ ಅಮೆರಿಕದ ಕಿಟ್‌ವೇರ್ ಕಂಪನಿಯಲ್ಲಿ, ಆಟೋಟೂಲ್ಸ್ ಮಾಡುವ ಕೆಲಸವನ್ನೇ ಬೇರೆ ಬಗೆಯಲ್ಲಿ ಮಾಡುವ ಸಿಮೇಕ್ ಹುಟ್ಟಿತು; ಕೆಡಿಇ ಯೋಜನೆ ತನ್ನ ನಾಲ್ಕನೆಯ ಆವೃತ್ತಿಗೆ ಅದನ್ನೇ ಆರಿಸಿಕೊಂಡಿತು. ಸಿಮೇಕ್ ಇವತ್ತಿಗೂ ಉತ್ತರಗಳನ್ನು ಉಳಿಸಿಡುತ್ತದೆ. ಕಾಣೆಯಾದ ಲೈಬ್ರರಿ ಹಾಕಿದ ಮೇಲೂ ‘ಸಿಗಲಿಲ್ಲ’ ಎನ್ನುತ್ತಿದ್ದರೆ ಅದರ ಕ್ಯಾಶ್ ಕಡತ ಅಳಿಸುವುದು ನಮ್ಮ ಲ್ಯಾಬಿನ ಮೊದಲ ಮದ್ದು. ಫಿನ್ಲೆಂಡಿನ ಯುಸ್ಸಿ ಪಕ್ಕನೆನ್ ಶುರುಮಾಡಿದ, ಇದೇ ಬಗೆಯ ಇನ್ನೊಂದು ಸಾಧನವಾದ ಮೆಸನ್ 2013ರಲ್ಲಿ ಹೊರಬಂತು. ಒಂದು ಕಾಲಕ್ಕೆ ನಮ್ಮನ್ನು ಕಾಡಿದ ಪ್ಯಾಂಗೋ, ಜಿಟಿಕೆಗಳು ಈಗ ಅದರಿಂದಲೇ ಕಂಪೈಲ್ ಆಗುತ್ತವೆ.

ಹಾಗೆಂದು ಹಳೆಯದು ಮುಗಿದಿಲ್ಲ. ಐಐಟಿ ಮದ್ರಾಸಿನ ಶಕ್ತಿ ಪ್ರೊಸೆಸರ್ 2018ರಲ್ಲಿ ಲಿನಕ್ಸ್ ಓಡಿಸಿತು. ಅದು ರಿಸ್ಕ್-ಫೈವ್ ಬಗೆಯದು. ಅಂಥ ಹೊಸ ಬಗೆಯ ಯಂತ್ರದ ಮೇಲೆ ಹಳೆಯ ಸೋರ್ಸಿನ ಕಾನ್ಫಿಗರ್ ಓಡಿಸಿದರೆ ‘ಯಂತ್ರ ಯಾವುದೆಂದು ಊಹಿಸಲಾಗಲಿಲ್ಲ’ ಎಂದು ನಿಲ್ಲುತ್ತದೆ. ಆ ಸೋರ್ಸ್ ಹುಟ್ಟಿದಾಗ ರಿಸ್ಕ್-ಫೈವ್ ಹುಟ್ಟಿರಲೇ ಇಲ್ಲ. ಪ್ರೋಗ್ರಾಮನ್ನು ಮುಟ್ಟದೆ, ಯಂತ್ರ ಗುರುತಿಸುವ ಎರಡು ಸ್ಕ್ರಿಪ್ಟುಗಳ ಹೊಸ ಪ್ರತಿ ತಂದಿಟ್ಟರೆ ಸಾಕು, ಎಷ್ಟೋ ಹಳೆಯ ತಂತ್ರಾಂಶಗಳು ಹೊಸ ಭಾರತೀಯ ಚಿಪ್ಪಿನ ಮೇಲೆ ಕಂಪೈಲ್ ಆಗುತ್ತವೆ.

ಇದೆಲ್ಲ ಹಳೆಯ ಲ್ಯಾಬಿನ ಕಥೆ ಎನ್ನುವವರು 2024ರ ಮಾರ್ಚ್ 29ನ್ನು ನೆನೆಯಬೇಕು. ಅಂದು ಆಂಡ್ರೆಸ್ ಫ್ರಾಯಿಂಡ್ ಎಂಬ ಇಂಜಿನಿಯರ್, ಲಿನಕ್ಸಿನಲ್ಲಿ ಎಲ್ಲೆಡೆ ಬಳಸುವ ಎಕ್ಸ್‌ಝಡ್ ಎಂಬ ಸಂಕೋಚನ ತಂತ್ರಾಂಶದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಹಿಂಬಾಗಿಲು ಇದೆ ಎಂದು ಜಗತ್ತಿಗೆ ತಿಳಿಸಿದರು. ಎಸ್‌ಎಸ್‌ಎಚ್ ಮೂಲಕ ದೂರದ ಯಂತ್ರಕ್ಕೆ ಲಾಗಿನ್ ಆಗುವುದು ಸುಮಾರು ಅರ್ಧ ಸೆಕೆಂಡು ತಡವಾಗುತ್ತಿರುವುದೇಕೆ ಎಂದು ಅವರು ಬೆನ್ನುಹತ್ತಿ ಹೋಗಿದ್ದರು. ಹಿಂಬಾಗಿಲನ್ನು ಒಳಗೆ ತಂದದ್ದು ಒಂದು ಎಂ4 ಮ್ಯಾಕ್ರೋ ಕಡತ. ಎಲ್ಲರೂ ನೋಡುವ ಗಿಟ್ ಭಂಡಾರದಲ್ಲಿ ಆ ಸಾಲುಗಳು ಇರಲಿಲ್ಲ, ಬಿಡುಗಡೆಯಾದ ಟಾರ್ ಕಡತದಲ್ಲಿ ಮಾತ್ರ ಇದ್ದವು. ಅದೇ ಯೋಜನೆಯ ಸಿಮೇಕ್ ಕಡತದಲ್ಲಿ ಇನ್ನೊಂದು ಕೇಡು ಸಿಕ್ಕಿತು. ಪ್ರೋಗ್ರಾಮಿಗೆ ಬೇಲಿ ಹಾಕುವ ಲ್ಯಾಂಡ್‌ಲಾಕ್ ಎಂಬ ರಕ್ಷಣೆ ಯಂತ್ರದಲ್ಲಿದೆಯೇ ಎಂದು ಕೇಳುವ ಸಣ್ಣ ಪರೀಕ್ಷಾ ಪ್ರೋಗ್ರಾಮಿನಲ್ಲಿ ಯಾರೋ ಒಂದು ಚುಕ್ಕೆ ಇಟ್ಟಿದ್ದರು. ಆ ಚುಕ್ಕೆಯಿಂದ ಅದು ಯಾವ ಯಂತ್ರದಲ್ಲೂ ಕಂಪೈಲ್ ಆಗುವಂತಿರಲಿಲ್ಲ. ಉತ್ತರ ಸದಾ ‘ನೋ’. ರಕ್ಷಣೆ ಸದ್ದಿಲ್ಲದೆ ಕೈಬಿಟ್ಟುಹೋಗುತ್ತಿತ್ತು. ನಮ್ಮ ಪಿಎನ್‌ಜಿಗೆ ಮರೆವಿನಿಂದ ಆದದ್ದನ್ನು ಇಲ್ಲಿ ಬೇಕೆಂದೇ ಮಾಡಿದ್ದರು. ಕಾರಣ ಕೇಳದೆ ‘ಇಲ್ಲ’ವನ್ನು ಒಪ್ಪಿಕೊಳ್ಳುವ ರೂಢಿ ಲೋಕಕ್ಕೆಲ್ಲ ಇದೆ ಎಂಬುದೇ ಆ ಚುಕ್ಕೆ ಇಟ್ಟವನ ಧೈರ್ಯವಾಗಿತ್ತು.

ಈಗ ಧಾರವಾಡದಲ್ಲಿ 2016ರಿಂದ ಐಐಟಿ ಇದೆ. ಹಳ್ಳಿಯ ಹುಡುಗರ ಫೋನಿನಲ್ಲೂ ಇಂಟರ್ನೆಟ್ ಇದೆ. ಸಿದ್ಧ ಪ್ಯಾಕೇಜುಗಳು ಒಂದೇ ಆಜ್ಞೆಗೆ ಬಂದು ಕೂರುತ್ತವೆ, ಅದು ಸಂತೋಷದ ವಿಷಯವೇ. ಆದರೆ ಕನ್ನಡಕ್ಕೆ ಬೇಕಾದ ತಿದ್ದುಪಡಿಯನ್ನು ಬೇರೆ ಯಾರೋ ಮಾಡಿ, ಕಂಪೈಲ್ ಮಾಡಿ, ನಮ್ಮ ಮನೆಗೆ ತಂದುಕೊಡುವವರೆಗೆ ಕಾಯುವುದು ಒಂದು ಭಾಷೆಗೆ ಶೋಭಿಸುವುದಿಲ್ಲ. ಟೆಸೆರಾಕ್ಟಿನ ತಪ್ಪು ತಿದ್ದಬೇಕಾದರೆ ಮೊದಲು ಅದನ್ನು ನಮ್ಮ ಯಂತ್ರದಲ್ಲಿ ಕಂಪೈಲ್ ಮಾಡಲು ಬರಬೇಕು. ಕಂಪೈಲ್ ಮಾಡಲು ಬರಬೇಕಾದರೆ ಕಾನ್ಫಿಗರಿನ ‘ನೋ’ಗೆ ಹೆದರದವರು ಬೇಕು.

ಅದಕ್ಕಾಗಿ ನಮ್ಮ ಲ್ಯಾಬಿನಲ್ಲಿ ಹೊಸ ತಂಡಕ್ಕೆ ಕೊಡುವ ಮೊದಲ ಕೆಲಸವನ್ನು ಬದಲಿಸಿದ್ದೇನೆ. ಒಂದು ಯಂತ್ರದಿಂದ ಯಾವುದೋ ಡೆವ್ ಪ್ಯಾಕೇಜ್ ತೆಗೆದಿಟ್ಟು, ಲೆಪ್ಟೋನಿಕಾವನ್ನು ಕಾನ್ಫಿಗರ್ ಮಾಡಲು ಹೇಳುತ್ತೇನೆ. ಅವರು ನನಗೆ ಒಪ್ಪಿಸಬೇಕಾದದ್ದು ಒಂದು ಹಾಳೆ: ಯಾವ ಪ್ರಶ್ನೆಗೆ ‘ನೋ’ ಬಂತು, ಕಂಪೈಲರ್ ಏನೆಂದಿತು, ಕಾರಣ ಏನು. ಕಾರಣವನ್ನು ಕನ್ನಡದಲ್ಲಿ, ತಮ್ಮ ಊರಿನ ಮಾತಿನಲ್ಲೇ ಬರೆಯಬೇಕು. ಹೋದ ವರ್ಷ ಕಲಘಟಗಿ ಕಡೆಯ ಹುಡುಗಿಯೊಬ್ಬಳು ಬರೆದಳು: “ಲೈಬ್ರರಿ ಐತಿ, ಹೆಡರ್ ಇಲ್ಲ. ಅದಕ್ಕ ಇಲ್ಲ ಅಂತು.” ಅವಳಿಗೆ ಪೂರ್ಣ ಅಂಕ ಕೊಟ್ಟೆ. ಜಿಲ್ಲೆಯ ಪ್ರತಿ ಪಾಲಿಟೆಕ್ನಿಕ್, ಪ್ರತಿ ಡಿಗ್ರಿ ಕಾಲೇಜಿನ ಕಂಪ್ಯೂಟರ್ ವಿಭಾಗ ಇದೊಂದು ಅಭ್ಯಾಸವನ್ನು ಮೊದಲ ಸೆಮಿಸ್ಟರಿನಲ್ಲೇ ಸೇರಿಸಿಕೊಳ್ಳಬೇಕೆಂಬುದು ನನ್ನ ಕೋರಿಕೆ. ಇದಕ್ಕೆ ಹೊಸ ಯಂತ್ರ ಬೇಡ, ಹಣ ಬೇಡ. ಲಾಗ್ ತೆರೆದು ಓದುವ ಒಂದು ಮಧ್ಯಾಹ್ನ ಸಾಕು.